ಪರದೆಯ ಮೇಲಿನ ಸಣ್ಣ ಅಕ್ಷರಗಳು

ಪ್ರಿಯ ಕೇಳುಗರೇ, ವಿಶೇಷವಾಗಿ ಕಾಲೇಜು ವಿದ್ಯಾರ್ಥಿ ಮಿತ್ರರೇ, ನಮಸ್ಕಾರ. ಒಂದು ಕಾಗದ ಮತ್ತು ಪೆನ್ನನ್ನು ಕೈಗೆಟಕುವಂತೆ ಇಟ್ಟುಕೊಳ್ಳಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ, ಏಕೆಂದರೆ ಕಂಪ್ಯೂಟರ್ ತೊಂದರೆಗಳನ್ನು ಕುರಿತ ಈ ಮಾತಿನ ನಡುವೆ ಕಂಪ್ಯೂಟರಿಗೆ ಕೊಡುವ ಒಂದು ಆದೇಶವನ್ನು ಅಕ್ಷರ ಅಕ್ಷರವಾಗಿ ಹೇಳುವುದಿದೆ.

ಪದವಿ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನ ಹೊಣೆಯನ್ನು ನಾನು ಹಲವು ವರ್ಷಗಳಿಂದ ನೋಡಿಕೊಂಡು ಬಂದಿದ್ದೇನೆ. ಕೆಟ್ಟ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬರುವ ವಿದ್ಯಾರ್ಥಿಗೆ ನಾನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಪರದೆಯ ಮೇಲೆ ಏನು ಬರೆದಿತ್ತು?" ಬರುವ ಉತ್ತರವೂ ಬಹುತೇಕ ಒಂದೇ: "ಏನೋ ಎರರ್ ಬಂತು ಸರ್, ಓಕೆ ಒತ್ತಿಬಿಟ್ಟೆ." ರೋಗಿ ತನ್ನ ನೋವು ಎಲ್ಲಿದೆ ಎಂದು ಬಾಯಿಬಿಟ್ಟು ಹೇಳುತ್ತಿರುವಾಗ ನಾವು ಕಿವಿ ಮುಚ್ಚಿಕೊಂಡಂತೆ ಇದು. ಅರ್ಥವಾಗದಿದ್ದರೂ ಚಿಂತೆಯಿಲ್ಲ, ಸಂದೇಶ ಬಂದ ಕೂಡಲೇ ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ. ಅದರಲ್ಲಿರುವ ಸಂಖ್ಯೆಯನ್ನೋ ವಾಕ್ಯವನ್ನೋ ಹಾಗೆಯೇ ಹುಡುಕಾಟದಲ್ಲಿ ಬರೆದರೆ, ಅದೇ ತೊಂದರೆಯನ್ನು ಅನುಭವಿಸಿ ಪರಿಹರಿಸಿಕೊಂಡವರ ಬರಹಗಳು ಸಿಗುತ್ತವೆ. "ಲ್ಯಾಪ್‌ಟಾಪ್ ಕೆಲಸ ಮಾಡುತ್ತಿಲ್ಲ" ಎಂದು ಹುಡುಕಿದರೆ ಏನೂ ಸಿಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ವಿದ್ಯಾರ್ಥಿಯೊಬ್ಬ ಐದು ಜಿಬಿಯ ವಿಡಿಯೊ ಒಂದನ್ನು ಪೆನ್ ಡ್ರೈವ್‌ಗೆ ಹಾಕಲು ಹೋಗುತ್ತಾನೆ. ಪೆನ್ ಡ್ರೈವ್‌ನಲ್ಲಿ ಇಪ್ಪತ್ತೆಂಟು ಜಿಬಿ ಜಾಗ ಖಾಲಿ ಇದೆ, ಆದರೂ ಫೈಲ್ ಹೋಗುವುದಿಲ್ಲ. ಪೆನ್ ಡ್ರೈವ್ ಕೆಟ್ಟಿದೆ ಎಂದುಕೊಂಡು ಹೊಸದನ್ನು ಕೊಳ್ಳುತ್ತಾನೆ, ಅದರಲ್ಲಿಯೂ ಅದೇ ಕಥೆ. ಪರದೆಯ ಮೇಲಿನ ಸಂದೇಶ ಮಾತ್ರ ಮೊದಲ ದಿನದಿಂದಲೂ ಸ್ಪಷ್ಟವಾಗಿ ಹೇಳುತ್ತಿದೆ: ಈ ಫೈಲ್ ಸೇರಬೇಕಾದ ಕಡತ ವ್ಯವಸ್ಥೆಗೆ ಇದು ತೀರಾ ದೊಡ್ಡದು. ಕಡತ ವ್ಯವಸ್ಥೆ ಎಂದರೆ ಡ್ರೈವ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಕ್ರಮ. ಫ್ಯಾಟ್ 32 ಎಂಬ ಹಳೆಯ ವ್ಯವಸ್ಥೆಯಲ್ಲಿ ಒಂದು ಫೈಲ್ ನಾಲ್ಕು ಜಿಬಿಯನ್ನು ಮೀರುವಂತಿಲ್ಲ, ಒಟ್ಟು ಜಾಗ ಎಷ್ಟೇ ಇರಲಿ. ಪೆನ್ ಡ್ರೈವ್‌ನಲ್ಲಿರುವುದನ್ನೆಲ್ಲ ಬೇರೆಡೆಗೆ ನಕಲಿಸಿಕೊಂಡು, ಅದನ್ನು ಈ ಮಿತಿಯಿಲ್ಲದ ಎಕ್ಸ್‌ಫ್ಯಾಟ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿದರೆ, ಎಂದರೆ ಪೂರ್ತಿ ಅಳಿಸಿ ಹೊಸದಾಗಿ ಸಜ್ಜುಗೊಳಿಸಿದರೆ, ಕೆಲಸ ಮುಗಿಯಿತು.

ಇನ್ನು, "ರೀಸ್ಟಾರ್ಟ್ ಮಾಡಿದೆಯಾ?" ಎಂಬ ಪ್ರಶ್ನೆ. ವಿದ್ಯಾರ್ಥಿಗಳು ಹೌದೆನ್ನುತ್ತಾರೆ, ಆದರೆ ಅವರು ಮಾಡಿದ್ದು ಶಟ್‌ಡೌನ್ ಆಗಿರುತ್ತದೆ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಇವೆರಡೂ ಒಂದೇ ಅಲ್ಲ. ಬೇಗ ಶುರುವಾಗಲೆಂದು ಮಾಡಿರುವ ಫಾಸ್ಟ್ ಸ್ಟಾರ್ಟಪ್ ಏರ್ಪಾಡಿನಲ್ಲಿ, ಶಟ್‌ಡೌನ್ ಕೊಟ್ಟಾಗ ವಿಂಡೋಸ್ ತನ್ನ ತಿರುಳಿನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟುಕೊಂಡು ಮಲಗುತ್ತದೆ, ಮರುದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ನಿನ್ನೆಯ ತೊಡಕೂ ಅದರೊಂದಿಗೇ ಏಳುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ.

ಪರದೆಯ ಬಲ ಮೂಲೆಯಲ್ಲಿ ಕೆಳಗೆ ದಿನಾಂಕ ಮತ್ತು ವೇಳೆ ಇರುತ್ತವೆ. ಯಾವ ಜಾಲತಾಣ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತಿದ್ದರೆ ನೆಟ್ ಕೊಡುವವರನ್ನು ದೂರುವ ಮುನ್ನ ಆ ಮೂಲೆಯನ್ನು ನೋಡಿ. ಪ್ರತಿಯೊಂದು ಸುರಕ್ಷಿತ ತಾಣಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಮಾನ್ಯ ಎಂಬ ಪ್ರಮಾಣಪತ್ರ ಇರುತ್ತದೆ. ನಿಮ್ಮ ಕಂಪ್ಯೂಟರ್ ಹತ್ತು ವರ್ಷ ಹಿಂದಿನ ದಿನಾಂಕದಲ್ಲಿದ್ದರೆ ಇಂದಿನ ಪ್ರಮಾಣಪತ್ರಗಳೆಲ್ಲ ಅದಕ್ಕೆ ಇನ್ನೂ ಹುಟ್ಟಿಯೇ ಇಲ್ಲ. ದಿನಾಂಕ ಸರಿಪಡಿಸಿದರೂ ಪ್ರತಿ ಬೆಳಿಗ್ಗೆ ಮತ್ತೆ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿ ಸತ್ತಿದೆ ಎಂದು ತಿಳಿಯಿರಿ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್ 2032 ಎಂಬ ಮೂರು ವೋಲ್ಟಿನ ಸೆಲ್. ವಿದ್ಯುತ್ ತಂತಿಯನ್ನು ಪೂರ್ತಿ ಕಿತ್ತು ಅದನ್ನು ಬದಲಾಯಿಸುವುದು ಐದು ನಿಮಿಷದ ಕೆಲಸ.

ಈಗ ಕಾಗದ ಪೆನ್ನು ಹಿಡಿಯುವ ಸಂಗತಿಗೆ ಬರೋಣ. ಒಂದು ಸಂಜೆ ಲ್ಯಾಬಿಗೆ ಬೀಗ ಹಾಕುವ ಹೊತ್ತಿಗೆ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಓಡಿ ಬಂದಳು. ಮರುದಿನ ಪ್ರಾಜೆಕ್ಟ್ ವರದಿ ಒಪ್ಪಿಸಬೇಕು. ಮಧ್ಯಾಹ್ನ ಪ್ರಿಂಟ್ ಹಾಕಿಸಲೆಂದು ಜೆರಾಕ್ಸ್ ಅಂಗಡಿಯೊಂದರ ಕಂಪ್ಯೂಟರಿಗೆ ಚುಚ್ಚಿದ್ದ ಪೆನ್ ಡ್ರೈವ್‌ನಲ್ಲಿ ಈಗ ಒಂದೂ ಫೈಲ್ ಇಲ್ಲ, ಇರುವುದೆಲ್ಲ ಶಾರ್ಟ್‌ಕಟ್, ಎಂದರೆ ಬೇರೊಂದು ಫೈಲಿನ ಕಡೆಗೆ ಕೈತೋರುವ ಕೊಂಡಿ. ಅವಳ ಕೈ ನಡುಗುತ್ತಿತ್ತು. ಯಾರೋ ಗೆಳೆಯರು ಫಾರ್ಮ್ಯಾಟ್ ಮಾಡಿಬಿಡು ಎಂದು ಸಲಹೆಯನ್ನೂ ಕೊಟ್ಟಿದ್ದರು. ಅವಳು ಅದನ್ನು ಕೇಳದೆ ಇದ್ದದ್ದು ದೊಡ್ಡ ಪುಣ್ಯ. ನಾನು ಅವಳಿಗೆ ತೋರಿಸಿದ್ದು ಎರಡು ಸಂಗತಿಗಳನ್ನು. ಐಕಾನಿನ ಎಡ ಮೂಲೆಯಲ್ಲಿ ಚಿಕ್ಕದೊಂದು ಬಾಣದ ಗುರುತಿತ್ತು, ಪ್ರತಿ ಫೈಲಿನ ಗಾತ್ರ ಒಂದೆರಡು ಕೆಬಿಯಷ್ಟೇ ಇತ್ತು. ಆದರೆ ಪೆನ್ ಡ್ರೈವ್‌ನ ಪ್ರಾಪರ್ಟೀಸ್ ತೆರೆದಾಗ ಬಳಕೆಯಾದ ಜಾಗ ಮೂರು ಜಿಬಿಗೂ ಹೆಚ್ಚು ಎಂದು ಕಾಣಿಸಿತು. ಎಂದರೆ ಫೈಲುಗಳು ಎಲ್ಲಿಯೂ ಹೋಗಿಲ್ಲ, ವೈರಸ್ ಅವುಗಳನ್ನು ಅಡಗಿಸಿಟ್ಟು, ಅವುಗಳ ಹೆಸರಿನಲ್ಲಿ ತನ್ನನ್ನೇ ಹರಡಿಕೊಳ್ಳುವ ಶಾರ್ಟ್‌ಕಟ್‌ಗಳನ್ನು ಮುಂದಿಟ್ಟಿದೆ.

ಇಂಥ ಸ್ಥಿತಿಯಲ್ಲಿ ಆ ಶಾರ್ಟ್‌ಕಟ್‌ಗಳ ಮೇಲೆ ಕ್ಲಿಕ್ ಮಾಡಲೇಬೇಡಿ, ಮಾಡಿದರೆ ನಿಮ್ಮ ಕಂಪ್ಯೂಟರಿಗೂ ಅದು ಹತ್ತುತ್ತದೆ. ಮೊದಲು ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ನಿಂದ ಪೆನ್ ಡ್ರೈವನ್ನು ಸ್ಕ್ಯಾನ್ ಮಾಡಿಸಿ. ಅನಂತರ ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಕಮಾಂಡ್ ಪ್ರಾಂಪ್ಟ್ ತೆರೆದು, ಪೆನ್ ಡ್ರೈವ್‌ಗೆ ಸಿಕ್ಕಿರುವ ಅಕ್ಷರವನ್ನು, ಅದು ಇ ಆಗಿದ್ದರೆ ಇ ಎಂದು, ಬರೆದು, ಅದಕ್ಕೆ ಅಂಟಿದಂತೆ ಒಂದರ ಮೇಲೊಂದು ಎರಡು ಚುಕ್ಕಿಯ ಕೋಲನ್ ಹಾಕಿ ಎಂಟರ್ ಒತ್ತಿ. ಸಾಲಿನ ಆರಂಭದಲ್ಲಿ ಪೆನ್ ಡ್ರೈವ್‌ನ ಅಕ್ಷರವೇ ಬಂದಿದೆಯೇ ಎಂದು ನೋಡಿಕೊಳ್ಳಿ. ಸಿ ಎಂದಿದ್ದರೆ ಮುಂದುವರಿಯಬೇಡಿ, ಅದು ಸಾಮಾನ್ಯವಾಗಿ ಕಂಪ್ಯೂಟರಿನದೇ ಡಿಸ್ಕ್. ಈಗ ಬರೆಯಬೇಕಾದ ಆದೇಶದ ಹೆಸರು ಅಟ್ರಿಬ್. ಅದರ ಮುಂದೆ ಮೈನಸ್ ಎಸ್, ಮೈನಸ್ ಎಚ್, ಮೈನಸ್ ಆರ್. ಅನಂತರ ನಕ್ಷತ್ರ, ಚುಕ್ಕಿ, ನಕ್ಷತ್ರ. ಕೊನೆಗೆ ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ. ಕಾಗುಣಿತ ಸಮೇತ ಇದನ್ನು ಮಾತಿನ ಕೊನೆಯಲ್ಲಿ ಇನ್ನೊಮ್ಮೆ ನಿಧಾನವಾಗಿ ಓದುತ್ತೇನೆ. ಮೈನಸ್ ಎಂದರೆ ಆ ಗುಣವನ್ನು ತೆಗೆದುಹಾಕು ಎಂದರ್ಥ: ಎಸ್ ಎಂದರೆ ಸಿಸ್ಟಮ್, ಎಚ್ ಎಂದರೆ ಹಿಡನ್, ಆರ್ ಎಂದರೆ ರೀಡ್ ಓನ್ಲಿ. ಅಂದು ಎಂಟರ್ ಒತ್ತಿ ಅರ್ಧ ನಿಮಿಷ ಕಾದ ಮೇಲೆ ಹೆಸರೇ ಇಲ್ಲದ ಒಂದು ಫೋಲ್ಡರ್ ಕಾಣಿಸಿಕೊಂಡಿತು. ತೆರೆದು ನೋಡಿದರೆ ನಾಲ್ಕು ತಿಂಗಳ ಕೆಲಸ ಇದ್ದದ್ದು ಇದ್ದಂತೆಯೇ ಇತ್ತು. ಅವಳು ಅಲ್ಲಿಯೇ ಕುರ್ಚಿಯಲ್ಲಿ ಕುಳಿತು ಅತ್ತುಬಿಟ್ಟಳು.

ಫೈಲಿನ ಹೆಸರಿನ ಕೊನೆಯ ಮೂರು ಅಕ್ಷರಗಳನ್ನು ಓದುವ ಅಭ್ಯಾಸವೂ ಇಷ್ಟೇ ಮುಖ್ಯ. ವಿಂಡೋಸ್ ತಾನಾಗಿ ಅವುಗಳನ್ನು ಮರೆಮಾಡಿರುತ್ತದೆ. ಹಾಗಾಗಿ, ಹಾಲ್ ಟಿಕೆಟ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ ಎಂಬ ಫೈಲ್ ನಿಮ್ಮ ಕಣ್ಣಿಗೆ ಹಾಲ್ ಟಿಕೆಟ್ ಡಾಟ್ ಪಿಡಿಎಫ್ ಎಂದಷ್ಟೇ ಕಾಣುತ್ತದೆ. ಪಿಡಿಎಫ್ ಓದುವ ಕಾಗದ, ಇಎಕ್ಸ್‌ಇ ಓಡುವ ಪ್ರೋಗ್ರಾಮು. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಪಟ್ಟಿಯಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬುದಕ್ಕೆ ಗುರುತು ಹಾಕಿದರೆ ಈ ಮುಸುಕು ಕಳಚುತ್ತದೆ. ಮೊಬೈಲಿನಲ್ಲಿ ಇದೇ ಮೋಸ ಎಪಿಕೆ ಎಂಬ ಮೂರಕ್ಷರದಲ್ಲಿ, ಎಂದರೆ ಫೋನಿಗೆ ಆ್ಯಪ್ ಹಾಕುವ ಫೈಲಿನ ರೂಪದಲ್ಲಿ, ಬರುತ್ತಿದೆ: ವಾಟ್ಸಾಪಿನಲ್ಲಿ ಮದುವೆಯ ಕರೆಯೋಲೆ ಎಂದು ಬಂದ ಫೈಲ್ ಎಪಿಕೆ ಆಗಿದ್ದರೆ, ಕಳಿಸಿದವರು ಸ್ವಂತ ಚಿಕ್ಕಪ್ಪನೇ ಆಗಿದ್ದರೂ ಅದನ್ನು ಒತ್ತಬೇಡಿ, ಅವರ ಫೋನೇ ಕಳ್ಳರ ವಶವಾಗಿರಬಹುದು. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡಬೇಕು.

ಇನ್ನು ಡೌನ್‌ಲೋಡ್. ಉಚಿತ ತಂತ್ರಾಂಶಗಳನ್ನು ಹುಡುಕುವಾಗ ಮೊದಲು ಕಾಣುವ ಫಲಿತಾಂಶ ಜಾಹೀರಾತಾಗಿರಬಹುದು, ಪುಟದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಹೊಳೆಯುವ ಹಸಿರು ಗುಂಡಿಯೂ ಜಾಹೀರಾತೇ ಆಗಿರಬಹುದು. ವಿಡಿಯೊ ನೋಡುವ ವಿಎಲ್‌ಸಿ ಬೇಕಾದರೆ ಅದನ್ನು ಮಾಡುವ ವಿಡಿಯೊಲ್ಯಾನ್ ಸಂಸ್ಥೆಯ ತಾಣಕ್ಕೆ, ಲಿಬ್ರೆಆಫೀಸ್ ಬೇಕಾದರೆ ಅದರದೇ ತಾಣಕ್ಕೆ ಹೋಗಿ. ಕ್ರ್ಯಾಕ್ ಮಾಡಿದ, ಎಂದರೆ ಹಣ ಕೊಡದೆ ಬಳಸಲೆಂದು ಬೀಗ ಮುರಿದ, ಮೈಕ್ರೋಸಾಫ್ಟ್ ಆಫೀಸನ್ನು ಹಾಕಿಕೊಳ್ಳಲು ಆಂಟಿವೈರಸ್ ಆಫ್ ಮಾಡಿ ಎಂದು ಯಾರಾದರೂ ಹೇಳಿದರೆ, ಮನೆಯ ನಾಯಿಯನ್ನು ಕಟ್ಟಿಹಾಕಿ ಬಾಗಿಲು ತೆರೆ ಎಂದಂತೆಯೇ ಆಯಿತು. ಲಿಬ್ರೆಆಫೀಸ್ ನಿಮ್ಮ ವರದಿ, ಪಟ್ಟಿ, ಸ್ಲೈಡುಗಳಿಗೆ ಧಾರಾಳವಾಗಿ ಸಾಕು, ಅದಕ್ಕೆ ಒಂದು ರೂಪಾಯಿಯೂ ಬೇಡ.

ನೆಟ್ ವೇಗದ ಲೆಕ್ಕದಲ್ಲಿ ಒಂದು ಗೊಂದಲ ಸದಾ ಇರುತ್ತದೆ. ಕಂಪನಿಗಳು ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತವೆ, ಫೈಲಿನ ಗಾತ್ರ ಬೈಟ್‌ಗಳಲ್ಲಿರುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಸೆಕೆಂಡಿಗೆ ಎಂಟು ಮೆಗಾಬಿಟ್ ವೇಗವಿದ್ದರೆ ಸೆಕೆಂಡಿಗೆ ಒಂದು ಎಂಬಿ ಮಾತ್ರ ಬರುತ್ತದೆ, 700 ಎಂಬಿಯ ಫೈಲಿಗೆ ಹತ್ತಿರ ಹತ್ತಿರ ಹನ್ನೆರಡು ನಿಮಿಷ ಬೇಕು. ನಡುವೆ ಕರೆಂಟ್ ಹೋದರೆ ಅರ್ಧ ಬಂದ ಫೈಲನ್ನು ಅಳಿಸಬೇಡಿ. ಬ್ರೌಸರಿನ ಡೌನ್‌ಲೋಡ್ ಪಟ್ಟಿಯಲ್ಲಿ ರೆಸ್ಯೂಮ್ ಒತ್ತಿದರೆ, ಆ ಕಡೆಯ ಸರ್ವರ್ ಒಪ್ಪಿದಲ್ಲಿ, ಉಳಿದಷ್ಟೇ ಭಾಗ ಬರುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಲ್ಯಾಪ್‌ಟಾಪಿಗೆ ನೆಟ್ ಕೊಡುವವರು ಆ ವೈಫೈ ಸೆಟ್ಟಿಂಗ್‌ನಲ್ಲಿ ಮೀಟರ್ಡ್ ಕನೆಕ್ಷನ್ ಎಂಬುದನ್ನು ಆನ್ ಮಾಡಿಕೊಳ್ಳಬೇಕು. ಇಲ್ಲವಾದರೆ ದಿನದ ಒಂದೂವರೆ ಜಿಬಿಯನ್ನು ವಿಂಡೋಸ್ ಅಪ್‌ಡೇಟ್ ಒಂದೇ ಗುಟುಕಿಗೆ ಕುಡಿದುಬಿಡುತ್ತದೆ.

ಅಧಿಕೃತ ತಾಣದಿಂದಲೇ ಇಳಿಸಿಕೊಂಡರೂ ಕೆಲವೊಮ್ಮೆ ಪರಿಶೀಲನೆ ಬೇಕಾಗುತ್ತದೆ. 2016ರ ಫೆಬ್ರವರಿ 20ರಂದು ವಿಂಡೋಸ್‌ನಂತೆ ಕಂಪ್ಯೂಟರ್ ನಡೆಸುವ ಉಚಿತ ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ನ ತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನು ಬದಲಿಸಿ, ಕಳ್ಳರು ಒಳನುಗ್ಗಲು ಹಿಂಬಾಗಿಲು ಇರಿಸಿದ ಐಎಸ್ಒ ಫೈಲಿನ, ಎಂದರೆ ಆ ವ್ಯವಸ್ಥೆಯನ್ನು ಹಾಕಿಕೊಳ್ಳುವ ಫೈಲಿನ, ಕಡೆಗೆ ತಿರುಗಿಸಿದ್ದರು. ಇಂಥದ್ದನ್ನು ಪತ್ತೆ ಹಚ್ಚಲು ಹ್ಯಾಶ್ ನೆರವಾಗುತ್ತದೆ. ಫೈಲಿನ ಒಂದೇ ಒಂದು ಬಿಟ್ ಬದಲಾದರೂ ಅದರ ಎಸ್‌ಎಚ್‌ಎ 256 ಹ್ಯಾಶ್, ಎಂದರೆ ಅರವತ್ತನಾಲ್ಕು ಅಕ್ಷರಗಳ ಆ ಬೆರಳಚ್ಚು, ಪೂರ್ತಿ ಬೇರೆಯಾಗುತ್ತದೆ. 7-ಜಿಪ್ ತಂತ್ರಾಂಶ ಇದ್ದರೆ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಇದನ್ನು ನೋಡಿ, ತಾಣದಲ್ಲಿ ಕೊಟ್ಟಿರುವ ಹ್ಯಾಶ್‌ನೊಂದಿಗೆ ಹೋಲಿಸಬಹುದು. ಆದರೆ ದಾಳಿಗೆ ಒಳಗಾದ ತಾಣದಲ್ಲಿ ಹ್ಯಾಶನ್ನೂ ಬದಲಿಸಿಡುವುದು ಕಷ್ಟವಲ್ಲ, ಆದ್ದರಿಂದ ಅದನ್ನು ಇನ್ನೊಂದು ನಂಬುವ ಮೂಲದಿಂದಲೂ ಹೋಲಿಸಿಕೊಳ್ಳುವುದು ಒಳ್ಳೆಯದು.

ಕನ್ನಡದಲ್ಲಿ ವರದಿ ಬರೆಯುವವರಿಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮನೆಯಲ್ಲಿ ಅಚ್ಚುಕಟ್ಟಾಗಿ ಕಂಡ ಪುಟ ಅಂಗಡಿಯಲ್ಲಿ ತೆರೆದಾಗ, ತಲೆಯ ಮೇಲೆ ಗೆರೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುವುದನ್ನು ನೀವೂ ನೋಡಿರಬಹುದು. ನುಡಿ ಅಥವಾ ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದಾಗ ಕಂಪ್ಯೂಟರ್ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ, ಫಾಂಟು ಅದಕ್ಕೆ ಕನ್ನಡದ ರೂಪ ತೊಡಿಸುತ್ತದೆ ಅಷ್ಟೆ. ಆ ಫಾಂಟು ಅಲ್ಲಿಲ್ಲದಿದ್ದರೆ ಕನ್ನಡವೂ ಇಲ್ಲ. ಲೋಕದ ಲಿಪಿಗಳಿಗೆಲ್ಲ ಸಾಮಾನ್ಯ ಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಿ 1991ರಿಂದಲೂ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ, ಅದರಲ್ಲಿ ಬರೆದದ್ದು ಎಲ್ಲ ಕಡೆಯೂ ಕನ್ನಡವಾಗಿಯೇ ಇರುತ್ತದೆ, ಹುಡುಕಿದರೂ ಸಿಗುತ್ತದೆ. ಹಳೆಯ ಫಾಂಟಿನಲ್ಲೇ ಬರೆದಾಗಿದ್ದರೆ, ಮನೆಯಿಂದ ಹೊರಡುವ ಮುನ್ನ ಪಿಡಿಎಫ್ ಮಾಡಿಕೊಳ್ಳಿ. ಫಾಂಟು ಅದರೊಳಗೇ ಕೂತು ಜೊತೆಗೆ ಬರುತ್ತದೆ. ಆ ಪಿಡಿಎಫನ್ನು ನಿಮ್ಮ ಇಮೇಲಿಗೆ ನೀವೇ ಒಂದು ಪ್ರತಿ ಕಳಿಸಿಕೊಂಡರೆ ಅಂಗಡಿಯ ಕಂಪ್ಯೂಟರಿಗೆ ಪೆನ್ ಡ್ರೈವ್ ಚುಚ್ಚುವ ಅಗತ್ಯವೂ ಬೀಳುವುದಿಲ್ಲ. ಇಮೇಲಿನಿಂದ ಲಾಗ್‌ಔಟ್ ಆಗುವುದನ್ನು ಮಾತ್ರ ಮರೆಯಬೇಡಿ.

ಅಡಗಿದ ಫೈಲುಗಳನ್ನು ಹೊರತರುವ ಆ ಆದೇಶವನ್ನು ಬರೆದುಕೊಳ್ಳಲು ಆಗದವರಿಗಾಗಿ ಇನ್ನೊಮ್ಮೆ ಓದುತ್ತೇನೆ. ಎ, ಟಿ, ಟಿ, ಆರ್, ಐ, ಬಿ. ಸ್ಪೇಸ್. ಮೈನಸ್ ಎಸ್. ಸ್ಪೇಸ್. ಮೈನಸ್ ಎಚ್. ಸ್ಪೇಸ್. ಮೈನಸ್ ಆರ್. ಸ್ಪೇಸ್. ನಕ್ಷತ್ರ, ಚುಕ್ಕಿ, ನಕ್ಷತ್ರ, ಇವು ಮೂರೂ ಅಂಟಿಕೊಂಡಿರಬೇಕು. ಸ್ಪೇಸ್. ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವ ಸ್ಲ್ಯಾಶ್, ಅದರ ಪಕ್ಕದಲ್ಲೇ ಎಸ್. ಸ್ಪೇಸ್. ಸ್ಲ್ಯಾಶ್ ಡಿ. ಅನಂತರ ಎಂಟರ್. ನಮಸ್ಕಾರ.