ಆಕ್ಸಿಟೋಸಿನ್ ಮಾಡುವ ಕೆಲಸ

ಕೇಳುಗರಿಗೆ ನಮಸ್ಕಾರ.

ಕೆಚ್ಚಲು ತುಂಬಿದೆ ಅಂತ ಹಸು ಸುಮ್ನೆ ಹಾಲು ಕೊಡುವುದಿಲ್ಲ. ಕರು ಬಿಡಬೇಕು, ಅದು ಗುದ್ದಿ ಗುದ್ದಿ ಚೀಪಬೇಕು. ಇಲ್ಲವೇ ಕೆಚ್ಚಲು ತೊಳೆದು ಕೈಯಿಂದ ನೀವಬೇಕು. ಸ್ವಲ್ಪ ಹೊತ್ತಿಗೆ ಮೊಲೆ ಬಿಗಿಯುತ್ತದೆ, ಹಸು ಸೊರ ಬಿಡುತ್ತದೆ. ಅಷ್ಟರಲ್ಲಿ ಕೆಚ್ಚಲಿನಿಂದ ಮಿದುಳಿಗೆ ಸುದ್ದಿ ಹೋಗಿ, ಅಲ್ಲಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿದು, ಹಾಲಿನ ಚೀಲಗಳ ಸುತ್ತಲಿನ ಸಣ್ಣ ಕೋಶಗಳನ್ನು ಹಿಂಡಿರುತ್ತದೆ. ಹಸು ಬೆದರಿದರೆ ಈ ಕೆಲಸ ಕೆಡುತ್ತದೆ, ಹಾಲು ಒಳಗೇ ಉಳಿಯುತ್ತದೆ. ತಾಯಿ ಮಗುವಿಗೆ ಹಾಲೂಡಿಸುವಾಗ ನಡೆಯುವುದೂ ಇದೇ.

ಹೆರಿಗೆಯಲ್ಲಿ ಇದರ ಆಟ ಇನ್ನೂ ಜೋರು. ಮಗುವಿನ ತಲೆ ಗರ್ಭಕೋಶದ ಬಾಯಿಯನ್ನು ಒತ್ತಿದಷ್ಟೂ ಆಕ್ಸಿಟೋಸಿನ್ ಜಾಸ್ತಿ ಬರುತ್ತದೆ. ಅದು ಬಂದಷ್ಟೂ ನೋವು ಏರುತ್ತದೆ. ಮಗು ಹೊರಬಂದ ಮೇಲೆಯೇ ಈ ಸುತ್ತು ನಿಲ್ಲುವುದು. ಮಿದುಳಿನ ಬುಡದಲ್ಲಿದ್ದು ಆಕ್ಸಿಟೋಸಿನ್ ಬಿಡುವ ಪಿಟ್ಯುಟರಿ ಗ್ರಂಥಿಯ ಸಾರ ಗಬ್ಬದ ಬೆಕ್ಕಿನ ಗರ್ಭಕೋಶವನ್ನು ಬಿಗಿಯುತ್ತದೆ ಅಂತ ಬ್ರಿಟನ್ನಿನ ಹೆನ್ರಿ ಡೇಲ್ 1906ರಲ್ಲೇ ಬರೆದಿದ್ದರು. ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಆಕ್ಸಿಟೋಸಿನ್ ಅನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು, 1955ರಲ್ಲಿ ನೊಬೆಲ್ ಪಡೆದರು. ಬರೀ 9 ಅಮೈನೋ ಆಮ್ಲಗಳ ಸರ ಅದು. ಹೆರಿಗೆಯಾದ ಕೂಡಲೇ ರಕ್ತಸ್ರಾವ ತಡೆಯಲು ಕೊಡುವ 10 ಯೂನಿಟ್ ಇಂಜೆಕ್ಷನ್ ಇದೇ.

ಆದರೆ ನಮ್ಮ ದೇಶದಲ್ಲಿ ಹಾಲು ಇಳಿಸಲು ಎಮ್ಮೆಗಳಿಗೂ ಇದನ್ನು ಕಳ್ಳತನದಲ್ಲಿ ಚುಚ್ಚುವವರಿದ್ದಾರೆ. ಅದನ್ನು ತಡೆಯಲು ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ಕಂಪನಿಗಳ ಕೈಕಟ್ಟಿ, ದೇಶಕ್ಕೆಲ್ಲ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆಯೊಂದೇ ಆಕ್ಸಿಟೋಸಿನ್ ಪೂರೈಸಲಿ ಎಂದಿತು. ಬಾಣಂತಿಯರ ಜೀವ ಉಳಿಸುವ ಔಷಧಿಗೆ ಒಂದೇ ಬಾಗಿಲಾ? ದೆಹಲಿ ಹೈಕೋರ್ಟ್ ಅದೇ ವರ್ಷದ ಡಿಸೆಂಬರಿನಲ್ಲಿ ಆ ಆದೇಶವನ್ನು ರದ್ದು ಮಾಡಿತು. ಒಳ್ಳೆಯದೇ ಆಯಿತು ಅನ್ನುತ್ತೇನೆ.

ಇನ್ನು 'ಪ್ರೀತಿಯ ಹಾರ್ಮೋನು' ಎಂಬ ಬಿರುದು. ಅದು ಹುಟ್ಟಿದ್ದರಲ್ಲಿ ಅಮೆರಿಕದ ಹುಲ್ಲುಗಾವಲಿನ ಇಲಿಯಂಥ ಒಂದು ಪ್ರಾಣಿಯ ಪಾಲು ದೊಡ್ಡದು. ಹೆಸರು ಪ್ರೇರಿ ವೋಲ್. ಗಂಡು ಹೆಣ್ಣು ಜೋಡಿಯಾದರೆ ಒಟ್ಟಿಗೇ ಬಾಳುತ್ತವೆ, ಮರಿಗಳನ್ನೂ ಇಬ್ಬರೂ ಸಾಕುತ್ತವೆ. ಹೆಣ್ಣಿನ ಮಿದುಳಿಗೆ ಆಕ್ಸಿಟೋಸಿನ್ ಕೊಟ್ಟರೆ ಜೋಡಿ ಬೇಗ ಕೂಡುತ್ತದೆ, ತಡೆದರೆ ಕೂಡುವುದಿಲ್ಲ ಅಂತ ಸ್ಯೂ ಕಾರ್ಟರ್, ಥಾಮಸ್ ಇನ್ಸೆಲ್ ಮೊದಲಾದವರು 1990ರ ದಶಕದಲ್ಲಿ ತೋರಿಸಿದರು. ಕಥೆ ಮುಗಿಯಿತು ಅಂದುಕೊಂಡರು ಎಲ್ಲರೂ. 2023ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಕೋಶಗಳಲ್ಲಿ ಆಕ್ಸಿಟೋಸಿನ್ ಹಿಡಿಯುವ ಗ್ರಾಹಕವೇ ಇಲ್ಲದ ವೋಲ್‌ಗಳನ್ನು ಹುಟ್ಟಿಸಿ ನೋಡಿದರು. ಅವೂ ಹಾಯಾಗಿ ಜೋಡಿಯಾದವು! ಕೊರತೆ ಕಂಡದ್ದು ಮರಿಗಳಲ್ಲಿ: ತಾಯಿಯ ಹಾಲು ಕುಡಿಯುವುದು ಬಿಡುವ ಹೊತ್ತಿಗೆ ಉಳಿದವು ಕಡಿಮೆ, ಉಳಿದವೂ ಸಣಕಲು.

ಮನುಷ್ಯರ ವಿಷಯಕ್ಕೆ ಬನ್ನಿ. 2005ರಲ್ಲಿ ಜ್ಯೂರಿಕ್‌ನಲ್ಲಿ ಮೂಗಿಗೆ ಆಕ್ಸಿಟೋಸಿನ್ ಸಿಂಪಡಿಸಿಕೊಂಡ ಗಂಡಸರು ಒಂದು ಹಣದ ಆಟದಲ್ಲಿ ಅಪರಿಚಿತರನ್ನು ಹೆಚ್ಚು ನಂಬಿದರು. ಪತ್ರಿಕೆಗಳಿಗೆ ಹಬ್ಬ. 2020ರಲ್ಲಿ ಇನ್ನೂ ಹೆಚ್ಚು ಜನರನ್ನಿಟ್ಟು ಮತ್ತೆ ಮಾಡಿದಾಗ ಹಾಗೇನೂ ಕಾಣಲಿಲ್ಲ. ಮೂಗಿನಿಂದ ಮಿದುಳಿಗೆ ಎಷ್ಟು ಹೋಗುತ್ತದೆ ಎಂಬುದೇ ಇನ್ನೂ ಜಗಳದ ವಿಷಯ. ಆಟಿಸಂ ಇರುವ 290 ಮಕ್ಕಳ ಮೇಲೆ ಅಮೆರಿಕದಲ್ಲಿ 24 ವಾರ ನಡೆದ ಪರೀಕ್ಷೆಯ ಫಲ 2021ರಲ್ಲಿ ಬಂತು: ಬೆರೆಯುವ ವಿಷಯದಲ್ಲಿ ಔಷಧಿಯ ಸ್ಪ್ರೇಗೂ ಬರೀ ಸ್ಪ್ರೇಗೂ ವ್ಯತ್ಯಾಸವಿಲ್ಲ. ಆನ್‌ಲೈನಿನಲ್ಲಿ ಇಂಥ ಸ್ಪ್ರೇ ಕಂಡು ಆಸೆಪಡುವ ತಂದೆತಾಯಿ ಇದ್ದರೆ, ದುಡ್ಡು ಕೊಡುವ ಮುಂಚೆ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ.

ನಮಸ್ಕಾರ.