ಎಳೇ ನಾಯಿ ಕುಂಟಿದ್ರ ಗುಳಿಗಿಗಿಂತ ಮೊದಲು ಏನು ನೋಡಬೇಕು?

[ದೃಶ್ಯ: ಬೆಳಗಿನ ಹೊತ್ತು, ರಾಯಚೂರಿನ ಒಂದು ಓಣಿ. ಎಂಟು ತಿಂಗಳ ಲ್ಯಾಬ್ರಡಾರ್ ಕ್ಯಾಮೆರಾ ಕಡೆಗೆ ನಡೆದು ಬರುತ್ತದೆ. ನಂತರ ಅದೇ ದೃಶ್ಯ ನಿಧಾನಗತಿಯಲ್ಲಿ.]

ನಿರೂಪಣೆ:
ಈ ನಾಯಿಗೆ ಯಾವ ಕಾಲು ನೋವದ, ಹೇಳ್ರಿ ನೋಡೋಣ. ಕಾಲು ನೋಡಬ್ಯಾಡ್ರಿ, ತಲಿ ನೋಡ್ರಿ. ಬಲ ಮುಂಗಾಲು ನೆಲಕ್ಕ ಊರಿದಾಗ ತಲಿ ಮ್ಯಾಲ ಏಳ್ತದ, ಎಡಗಾಲು ಊರಿದಾಗ ಕೆಳಗ ಇಳೀತದ. ನೋಯೋ ಕಾಲಿನ ಮ್ಯಾಲ ಭಾರ ಬೀಳಬಾರದು ಅಂತ ತಲಿ ಎತ್ತಿ ತೂಕ ಹಗುರ ಮಾಡ್ಕೋತದ. ಹಂಗಂದ್ರ ನೋವು ಬಲಗಾಲಿನಾಗ ಅದ. ಭಾಳ ಮಂದಿ ತಲಿ ಕೆಳಗ ಹೋದ ಕಡೆ ನೋವದ ಅಂತ ತಿಳಿದು ಚಲೋ ಕಾಲಿಗೇ ಎಣ್ಣಿ ತಿಕ್ಕತಾರ.

ಹಿಂಗಾಲು ನೋವಿದ್ರ ತಲಿ ಬಿಟ್ಟು ಸೊಂಟ ನೋಡಬೇಕು. ನೋಯೋ ಕಡೆ ಸೊಂಟ ಮ್ಯಾಲ ಎಗರ್ತದ. ಎರಡೂ ಕಡೆ ನೋವಿದ್ರ ಕುಂಟೋದು ಕಾಣೋದೇ ಇಲ್ಲ, ಮೊಲದಂಗ ಎರಡೂ ಹಿಂಗಾಲು ಜೋಡಿಸಿ ಜಿಗಿದು ಓಡ್ತದ. ನೋಡೋರು "ಮರಿ ಆಟ ಆಡ್ತದ" ಅಂತಾರ.

ನಿಮ್ಮ ಮನಿ ನಾಯಿದು ಇಂಥದ್ದೇ ವಿಡಿಯೋ ಮಾಡ್ಕೊಳ್ರಿ. ಡಾಕ್ಟರ್ ಮುಂದ ಹೋದ ಕೂಡ್ಲೆ ಅಂಜಿಕಿಗೆ ನಾಯಿ ಸರಳ ನಡೀತದ, ಅಲ್ಲಿ ಏನೂ ಗೊತ್ತಾಗಂಗಿಲ್ಲ. ಫೋನ್ ನಿಮ್ಮ ಮೊಣಕಾಲಿನ ಮಟ್ಟಕ್ಕ ಹಿಡೀರಿ. ಜಾರದಂಥ ಸಿಮೆಂಟ್ ರಸ್ತೆ ಮ್ಯಾಲ ಹತ್ತು ಮೀಟರ್ ನಡಸ್ರಿ: ಒಮ್ಮೆ ನಿಮ್ಮ ಕಡೆ, ಒಮ್ಮೆ ನಿಮ್ಮಿಂದ ದೂರ, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಹಗ್ಗ ಸಡಿಲ ಇರಲಿ, ಬಿಗಿ ಹಿಡಿದ್ರ ತಲಿ ಆಡೋದು ನಿಂತುಹೋಗ್ತದ. ಮುಂಜಾನಿ ಮಲಗಿ ಎದ್ದಾಗಿನ ಮೊದಲ ಹತ್ತು ಹೆಜ್ಜಿನೂ ಹಿಡೀರಿ. ಕೀಲು ನೋವು ಎದ್ದಕೂಡ್ಲೆ ಹೆಚ್ಚಿದ್ದು, ನಾಲ್ಕು ಹೆಜ್ಜಿ ನಡೆದ ಮ್ಯಾಲ ಕಡಿಮಿ ಆಗ್ತದ. ಪೆಟ್ಟು, ಮುಳ್ಳಿನ ನೋವು ನಡೆದಂಗ ಹೆಚ್ಚಾಗ್ತದ.

[ದೃಶ್ಯ: ನಾಯಿ ಮಗ್ಗುಲಾಗಿ ಮಲಗಿದೆ. ಕೈಗಳು ಅಂಗಾಲನ್ನು ಬಿಡಿಸುತ್ತವೆ. ತೀರಾ ಹತ್ತಿರದ ಶಾಟ್.]

ಈಗ ಕಾಲು ಹಿಡಿಯೋಣ. ನೋವಿನಾಗ ಸಾಕಿದ ನಾಯಿನೂ ಕಚ್ತದ, ಅದಕ್ಕ ಒಬ್ಬರು ತಲಿ ಹಿಡ್ಕೊಂಡಿರಲಿ. ಯಾವಾಗಲೂ ಚಲೋ ಕಾಲು ಮೊದಲು ಮುಟ್ಟ್ರಿ, ಆಮ್ಯಾಲ ನೋಯೋದು. ಬೆರಳಿಂದ ಶುರು ಮಾಡಿ ಮ್ಯಾಲಕ್ಕ ಹೋಗ್ರಿ.

ಬೆರಳಿನ ಸಂದಿ ಬಿಡಿಸಿ ನೋಡ್ರಿ. ನಮ್ಮ ಕಡೆ ಹೊಲದ ಬದು, ಹಳ್ಳದ ದಂಡಿ, ಕಾಲುವಿ ಏರಿ ಎಲ್ಲಾ ಕಡೆ ಬಳ್ಳಾರಿ ಜಾಲಿ. ಹೆಸರು ನಮ್ಮ ಊರಿಂದು, ಗಿಡ ಮಾತ್ರ ಅಮೆರಿಕಾ ಖಂಡದಿಂದ ಬಂದದ್ದು. ಇದರ ಮುಳ್ಳು ಚುಚ್ಚಿದ ಮ್ಯಾಲ ತುದಿ ಮುರಿದು ಒಳಗ ಉಳೀತದ. ಹೊರಗ ಒಂದು ಕರಿ ಚುಕ್ಕಿ ಅಷ್ಟೇ ಕಾಣ್ತದ, ಅದೂ ಎರಡು ದಿನದಾಗ ಮುಚ್ಚಿಹೋಗ್ತದ. ವಾರ ಬಿಟ್ಟು ಬೆರಳ ಸಂದಿ ಕೆಂಪಾಗಿ ಬಾತು ಕೀವು ತುಂಬ್ತದ. ಎಕ್ಸ್‌ರೇದಾಗ ಕಾಣ್ತದ ಅಂತ ಕೂಡಬ್ಯಾಡ್ರಿ, ಕಟ್ಟಿಗಿ ಮುಳ್ಳು ಸಾಮಾನ್ಯವಾಗಿ ಎಕ್ಸ್‌ರೇದಾಗ ಕಾಣಂಗಿಲ್ಲ. ತುದಿ ಹೊರಗ ಕಾಣಸ್ತಿದ್ರ ಸ್ಪಿರಿಟ್‌ನಾಗ ಒರೆಸಿದ ಚಿಮಟದಿಂದ ಚುಚ್ಚಿದ ನೇರಕ್ಕೇ ನೆಟ್ಟಗ ಹೊರಗ ಎಳೀರಿ. ಪೊವಿಡೋನ್ ಅಯೋಡಿನ್ ಸ್ವಲ್ಪ ಸ್ವಲ್ಪ ನೀರಿಗೆ ಹಾಕಿ, ತೆಳು ಕರಿ ಚಹಾದ ಬಣ್ಣ ಬಂದಾಗ ಅದರಿಂದ ತೊಳೀರಿ. ಮುಳ್ಳು ಕಾಣದಿದ್ರ ಸೂಜಿ ಹಾಕಿ ಕೆದಕಬ್ಯಾಡ್ರಿ.

ಮಳಿಗಾಲದಾಗ ಇನ್ನೊಂದು: ಎರಿ ಮಣ್ಣು. ಬೆರಳ ಸಂದಿಯ ಕೂದಲಕ್ಕ ಹತ್ತಿ ಒಣಗಿತಂದ್ರ ಗೋಲಿ ಆಗ್ತದ, ನಡೆದಾಗೆಲ್ಲ ಚರ್ಮಕ್ಕ ಒತ್ತತದ. ಕಿತ್ತಬ್ಯಾಡ್ರಿ, ಕೂದಲ ಜೊತಿ ಚರ್ಮನೂ ಬರ್ತದ. ಉಗುರು ಬೆಚ್ಚಗಿನ ನೀರಿನಾಗ ಐದು ನಿಮಿಷ ಕಾಲು ಇಡಸ್ರಿ, ತಾನೇ ಕರಗ್ತದ.

ಬ್ಯಾಸಗಿಯೊಳಗ ಅಂಗಾಲಿನ ಮೆತ್ತಿ ನೋಡ್ರಿ. ಬಿಸಿಲು 40 ಡಿಗ್ರಿ ದಾಟಿದ ದಿನ ಡಾಂಬರು ಅದಕ್ಕಿಂತ ಭಾಳ ಹೆಚ್ಚು ಕಾದಿರ್ತದ. ಅಂಗೈ ಹಿಂಭಾಗ ರಸ್ತಿಗೆ ಏಳು ಸೆಕೆಂಡ್ ಇಟ್ಟು ನೋಡ್ರಿ. ನಿಮಗ ಆಗ್ಲಿಲ್ಲ ಅಂದ್ರ ನಾಯಿಗೂ ಆಗಂಗಿಲ್ಲ.

ಅಂಗಾಲು ಸರಿ ಅದ ಅಂದ್ರ ಮ್ಯಾಲ ಹೋಗ್ರಿ. ಒಂದೊಂದೇ ಕೀಲು ಸಾವಕಾಶ ಮಡಚಿ ಚಾಚ್ರಿ. ನೋವಾದಾಗ ಎಲ್ಲಾ ನಾಯಿ ಕುಯ್ಯ್ ಅನ್ನಂಗಿಲ್ಲ. ತಿರುಗಿ ನಿಮ್ಮ ಕೈ ನೋಡ್ತದ, ತುಟಿ ನೆಕ್ಕತದ, ತೇಕೋದು ಒಮ್ಮೆಗೇ ನಿಲ್ಲಸ್ತದ. ಅಲ್ಲಿಗೆ ಕೈ ಬಿಡ್ರಿ. ಜಾಗ ಸಿಕ್ಕಿತು.

[ಪರದೆ ಮೇಲೆ: ವಯಸ್ಸು + ತಳಿ + ಯಾವ ಕಾಲು]

ಈ ಮೂರು ಕೂಡಿಸಿದ್ರ ಅಂದಾಜು ಸಿಗ್ತದ. 5ರಿಂದ 18 ತಿಂಗಳ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ರಾಟ್‌ವೀಲರ್, ಪೆಟ್ಟು ಏನೂ ಬಿದ್ದಿಲ್ಲ, ಈ ವಾರ ಎಡಗಾಲು, ಹದಿನೈದು ದಿನ ಬಿಟ್ಟು ಬಲಗಾಲು, ಕೀಲಿನಾಗ ನೋವಿಲ್ಲ, ಉದ್ದ ಎಲುಬಿನ ನಡು ಒತ್ತಿದ್ರ ಜಿಗೀತದ. ಇದು ಬೆಳೆಯೋ ಎಲುಬಿನ ಉರಿಯೂತ, ಪ್ಯಾನೋಸ್ಟೈಟಿಸ್ ಅಂತಾರ. ನೋವಿಗೆ ಔಷಧ ಬೇಕಾಗ್ತದ, ಆದ್ರ ಬೆಳವಣಿಗಿ ಮುಗಿದಂಗ ತಾನೇ ಹೋಗ್ತದ. ಅದೇ ತಳಿ ಏಳ್ಲಿಕ್ಕೆ ತ್ರಾಸು ಪಟ್ಟು, ಮೆಟ್ಟಲ ಹತ್ಲಿಕ್ಕೆ ಹಿಂದ ಸರಿದು, ಮೊಲದಂಗ ಓಡಿದ್ರ ಸೊಂಟದ ಕೀಲಿನ ದೋಷ, ಹಿಪ್ ಡಿಸ್‌ಪ್ಲೇಸಿಯಾ. ಬಟ್ಟಲದಂಥ ಗುಂಡಿಯೊಳಗ ತೊಡಿ ಎಲುಬಿನ ಗುಂಡು ಸರಿಯಾಗಿ ಕೂಡದೆ ಅಲಗಾಡಿ ಸವೀತದ. ಇದು ತಾನೇ ಹೋಗಂಗಿಲ್ಲ. ಲಗೂ ಗೊತ್ತಾದಷ್ಟು ದಾರಿ ಹೆಚ್ಚು, ಒಂದು ಶಸ್ತ್ರಚಿಕಿತ್ಸೆಯಂತೂ ಮರಿಗೆ ಸುಮಾರು 20 ವಾರ ತುಂಬೋದ್ರೊಳಗ ಮಾಡಿದ್ರಷ್ಟೇ ಉಪಯೋಗ.

ಪೊಮೆರೇನಿಯನ್, ಪಗ್ ಓಡ್ತಾ ಓಡ್ತಾ ಒಂದು ಹಿಂಗಾಲು ಎತ್ತಿ ಮೂರು ಹೆಜ್ಜಿ ಹಾಕಿ ಮತ್ತ ಇಳಿಸಿದ್ರ ಮೊಣಕಾಲಿನ ಚಿಪ್ಪು ಜಾರ್ತದ ಅಂತ ತಿಳೀರಿ. ಮುಧೋಳ ನಾಯಿ, ಕುರಿ ಹಟ್ಟಿಯ ಬೇಟಿ ನಾಯಿಗೆ ಸೊಂಟದ ದೋಷ ಅಪರೂಪ. ಅವು ಕುಂಟಿದ್ರ ಮುಳ್ಳು, ಉಳುಕು, ಉಣ್ಣಿ ಜ್ವರ ಮೊದಲು ನೋಡ್ರಿ.

ಉಣ್ಣಿ ಜ್ವರದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಕಡೆ ಇದನ್ನ ಕಾಲು ನೋವು ಅಂತ ತಿಳಿದು ದಿನ ಕಳೀತಾರ. ಕಂದು ಉಣ್ಣಿ ಕಚ್ಚಿದಾಗ ಎರ್ಲಿಕಿಯಾ ಅನ್ನೋ ರೋಗಾಣು ರಕ್ತಕ್ಕ ಸೇರ್ತದ, ಕೆಲವು ನಾಯಿಗೆ ಕೀಲು ಬಾತು ನಡೀಲಿಕ್ಕೇ ಆಗಂಗಿಲ್ಲ. ಒಂದೇ ಕಾಲಲ್ಲ, ನಾಲ್ಕೂ ಕಾಲು ಬಿಗಿದಂಗ, ಮುಳ್ಳಿನ ಮ್ಯಾಲ ನಡೆದಂಗ ನಡೀತದ. ಊಟ ಬಿಡ್ತದ. ತುಟಿ ಎತ್ತಿ ಒಸಡು ನೋಡ್ರಿ: ಬಿಳಚಿರ್ತದ, ಇಲ್ಲಾ ಸಾಸಿವಿಗಿಂತ ಸಣ್ಣ ಕೆಂಪು ಚುಕ್ಕಿ ಇರ್ತಾವ. ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಡಿಮಿ ಆದ ಗುರುತದು. ಜ್ವರ ನೋಡೋದು ಗುದದ್ವಾರದಾಗ, ಡಿಜಿಟಲ್ ಥರ್ಮಾಮೀಟರ್ ತುದಿಗೆ ಎಣ್ಣಿ ಹಚ್ಚಿ. 101ರಿಂದ 102.5 ಫ್ಯಾರನ್‌ಹೀಟ್ ನಾಯಿಗೆ ಸಹಜ, 103 ದಾಟಿದ್ರ ಜ್ವರ. ಬಿಸಿಲಾಗ ತಿರುಗಾಡಿ ಬಂದ ನಾಯಿಗೆ ನೆರಳಾಗ ಅರ್ಧ ತಾಸು ಬಿಟ್ಟು ನೋಡ್ರಿ.

ಇದಕ್ಕ ಡಾಕ್ಟರ್ ಬರೆಯೋದು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್, ಕಿಲೋ ತೂಕಕ್ಕ ದಿನಕ್ಕ 10 ಮಿಲಿಗ್ರಾಂ, 28 ದಿನ. ಮೂರನೇ ದಿನಕ್ಕ ನಾಯಿ ಎದ್ದು ಬಾಲ ಆಡಸ್ತದ, ಮಂದಿ ಗುಳಿಗಿ ನಿಲ್ಲಸ್ತಾರ, ತಿಂಗಳು ಬಿಟ್ಟು ಮತ್ತ ಅದೇ ಕಥಿ. ಇದನ್ನ ಹಾಲಿನ ಜೊತಿ ಕೊಡಬ್ಯಾಡ್ರಿ, ಹಾಲಿನ ಕ್ಯಾಲ್ಸಿಯಂ ಔಷಧ ಹಿಡ್ಕೋತದ. ಊಟದ ಜೊತಿ ಕೊಟ್ಟು ಮ್ಯಾಲ ನೀರು ಕುಡಿಸ್ರಿ. ಒಣ ಗುಳಿಗಿ ಗಂಟಲದಾಗ ನಿಂತ್ರ ಅಲ್ಲೇ ಹುಣ್ಣು ಮಾಡ್ತದ. ಉಣ್ಣಿ ಗ್ವಾಡಿ ಬಿರುಕಿನಾಗ, ಪರ್ಸಿ ಸಂದಿನಾಗ ಮೊಟ್ಟಿ ಇಡ್ತದ, ಅದಕ್ಕ ನಾಯಿ ಮಲಗೋ ಜಾಗದ ಬಿರುಕು ಮುಚ್ಚಿಸ್ರಿ. ದನಕ್ಕ ಹೊಡೆಯೋ ಉಣ್ಣಿ ಔಷಧ ಅಳತಿ ಇಲ್ಲದೆ ನಾಯಿ ಮೈಗೆ ಸುರೀಬ್ಯಾಡ್ರಿ, ನೆಕ್ಕಿ ವಿಷ ಏರ್ತದ.

[ದೃಶ್ಯ: ಮೇಜಿನ ಮೇಲೆ ಮನುಷ್ಯರ ನೋವಿನ ಮಾತ್ರೆಗಳು, ಕ್ಯಾಲ್ಸಿಯಂ ಸಿರಪ್, ಬಾಮಿನ ಡಬ್ಬಿ.]

ಮನ್ಯಾಗ ಮಾಡೋ ತಪ್ಪುಗಳು ಇವ. ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ನಾಯಿ ಹೊಟ್ಟಿಯೊಳಗ ಹುಣ್ಣು ಮಾಡ್ತಾವ, ಮೂತ್ರಪಿಂಡ ಕೆಡಸ್ತಾವ. ಪ್ಯಾರಾಸಿಟಮಾಲ್ ಅಳತಿ ಮೀರಿದ್ರ ಯಕೃತ್ತು ಕೆಡಸ್ತದ. ನಾಯಿಗೆ ಬರೆಯೋ ಮೆಲಾಕ್ಸಿಕಾಮ್ ಮನುಷ್ಯರಿಗೂ ಬರೀತಾರ, ಅದಕ್ಕ "ಅದೇ ಗುಳಿಗಿ ಅಲ್ಲೇನು" ಅಂತ ಕೇಳ್ತಾರ. ಲೆಕ್ಕ ನೋಡ್ರಿ: ನಾಯಿಗೆ ಮೊದಲ ದಿನ ಕಿಲೋಗೆ 0.2 ಮಿಲಿಗ್ರಾಂ, ಆಮ್ಯಾಲ ದಿನಕ್ಕ 0.1. ಹತ್ತು ಕಿಲೋ ನಾಯಿಗೆ ಮೊದಲ ದಿನ 2, ಮರುದಿನದಿಂದ 1 ಮಿಲಿಗ್ರಾಂ. ಮನುಷ್ಯರ ದೊಡ್ಡ ಗುಳಿಗಿ 15 ಮಿಲಿಗ್ರಾಂ. ಒಂದು ಗುಳಿಗಿ ಹಾಕಿದ್ರ ಏಳೂವರಿ ಪಟ್ಟು ಆಯ್ತು. ಡಾಕ್ಟರ್ ಬರೆದು ಕೊಟ್ಟದ್ದೂ ಊಟ ಆದ ಮ್ಯಾಲೇ ಕೊಡ್ರಿ. ವಾಂತಿ ಆದ್ರ, ಸಗಣಿ ಡಾಂಬರಿನಂಗ ಕರ್ರಗ ಬಂದ್ರ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡ್ರಿ. ಮೊದಲು ಬ್ಯಾರೆ ಕಡೆ ಸ್ಟೆರಾಯ್ಡ್ ಸೂಜಿ ಮಾಡಿಸಿದ್ರ ಅದನ್ನ ಮುಚ್ಚಿಡಬ್ಯಾಡ್ರಿ, ಎರಡೂ ಕೂಡಿದ್ರ ಹೊಟ್ಟಿ ತೂತು ಬೀಳೋ ಮಟ್ಟಕ್ಕ ಹೋಗ್ತದ.

ಬಾಮು ಹಚ್ಚಿದ್ರ ನೆಕ್ಕತದ. ಎಕ್ಕದ ಎಲಿ ಕಾಸಿ ಕಟ್ಟಿದ್ರ ಹಾಲು ಕಣ್ಣಿಗೆ, ಬಾಯಿಗೆ ತಾಗಿ ಉರೀತದ. ಬರಿ ಎಳೆಯೋದು ಅಂತೂ ಸುಟ್ಟ ಗಾಯ ಒಂದು ಹೆಚ್ಚಿಗೆ ಕೊಟ್ಟಂಗ, ಅಷ್ಟೇ. ಬಿದಿರ ಚಕ್ಕಿ ಇಟ್ಟು ಬಿಗಿ ಕಟ್ಟಿಸಿದ್ದಿದ್ರ ಬೆರಳು ನೋಡ್ರಿ. ನಡುವಿನ ಎರಡು ಉಗುರು ಅಗಲ ಸರಿದ್ರ, ಬೆರಳು ತಣ್ಣಗಾದ್ರ ರಕ್ತ ಹೋಗ್ತಿಲ್ಲ. ಅವತ್ತೇ ಬಿಚ್ಚಿಸ್ರಿ.

ಕ್ಯಾಲ್ಸಿಯಂ ವಿಷಯ ಎರಡು ಕಡೆಯಿಂದ ನೋಡಬೇಕು. ದೊಡ್ಡ ತಳಿ ಮರಿಗಳ ಪ್ಯಾಕೆಟ್ ಆಹಾರ ಹಾಕ್ತಿದ್ರ ಅದರಾಗ ಕ್ಯಾಲ್ಸಿಯಂ ಅಳತಿ ಮಾಡೇ ಹಾಕಿರ್ತಾರ. ಮ್ಯಾಲ ಸಿರಪ್ ಸುರಿದ್ರ ಎಳೇ ಮರಿ ಕರುಳು ಬ್ಯಾಡ ಅಂತ ಬಿಡಂಗಿಲ್ಲ, ಎಲ್ಲಾ ಹೀರ್ಕೋತದ. ಕೀಲಿನ ಮೆದು ಎಲುಬು ಸರಿಯಾಗಿ ಗಟ್ಟಿ ಆಗಂಗಿಲ್ಲ. ನೋವಿಗೆ ಅಂತ ಕೊಟ್ಟದ್ದು ನೋವು ತರ್ತದ. ಅದೇ ಜೋಳದ ರೊಟ್ಟಿ, ಅನ್ನ, ಎಲುಬಿಲ್ಲದ ಕೋಳಿ ಮಾಂಸ ಅಷ್ಟೇ ತಿಂದು ಬೆಳೆದ ಮರಿ ಉಲ್ಟಾ. ಇವುಗಳಾಗ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮಿ. ದೇಹ ಎಲುಬಿನಿಂದಲೇ ಕ್ಯಾಲ್ಸಿಯಂ ಕಿತ್ತು ತಗೋತದ, ಕಾಲು ಬಾಗ್ತಾವ, ಮಂಚದಿಂದ ಜಿಗಿದ್ರ ಎಲುಬು ಮುರೀತದ. "ಹಾಲು ಹಾಕ್ತೀವಲ್ರಿ" ಅಂತಾರ. ಅರ್ಧ ಲೀಟರ್ ಹಾಲಿನಾಗ ಇರೋದು ಸುಮಾರು 0.6 ಗ್ರಾಂ ಕ್ಯಾಲ್ಸಿಯಂ. ಬೆಳೆಯೋ ಮರಿಗೆ ತಿನ್ನೋ ಪ್ರತಿ 1000 ಕ್ಯಾಲರಿಗೆ 3 ಗ್ರಾಂ ಹತ್ರ ಬೇಕು. ಮನಿ ಊಟದ ಮರಿಗೆ ಕ್ಯಾಲ್ಸಿಯಂ ಬೇಕೇ ಬೇಕು, ಎಷ್ಟು ಅನ್ನೋದು ತೂಕ, ಊಟ ನೋಡಿ ಡಾಕ್ಟರ್ ಬರೀಲಿ.

[ದೃಶ್ಯ: ಒಂದು ಕೈ ಮುಷ್ಟಿ, ನಂತರ ಚಾಚಿದ ಅಂಗೈ. ಇನ್ನೊಂದು ಕೈಯ ಬೆರಳುಗಳು ಅದರ ಮೇಲೆ ಸರಿಯುತ್ತವೆ.]

ತೂಕ ಕಣ್ಣಾಗ ನೋಡಬ್ಯಾಡ್ರಿ, ಬೆರಳಾಗ ನೋಡ್ರಿ. ಕೈ ಚಾಚಿ ಹಿಂಭಾಗದ ಗೆಣ್ಣಿನ ಮ್ಯಾಲ ಬೆರಳಾಡಸ್ರಿ, ನಾಯಿ ಪಕ್ಕೆಲುಬು ಹಂಗ ಹತ್ತಬೇಕು. ಅಂಗೈಯಂಗ ಮೆತ್ತಗ ಹತ್ತಿದ್ರ ಬೊಜ್ಜು. ಮುಷ್ಟಿ ಗೆಣ್ಣಿನಂಗ ಚೂಪಾಗಿ ಹತ್ತಿದ್ರ ಸೊರಗ್ಯದ. ಮುಧೋಳ ನಾಯಿಗೆ ಹಿಂದಿನ ಎರಡು ಮೂರು ಪಕ್ಕೆಲುಬು ಕಾಣೋದು ಸಹಜ, ಅದನ್ನ ತುಂಬಿಸ್ಲಿಕ್ಕೆ ಹೋಗಬ್ಯಾಡ್ರಿ.

[ದೃಶ್ಯ: ಮನೆಯ ಮೂಲೆಯಲ್ಲಿ ಅಡ್ಡಲಾಗಿ ನಿಲ್ಲಿಸಿದ ಮಂಚ, ಒಳಗೆ ಮಡಚಿದ ಕೌದಿ, ನೀರಿನ ಬುಟ್ಟಿ.]

ವಿಶ್ರಾಂತಿ ಅಂದ್ರ ಅಂಗಳದಾಗ ಬಿಡೋದಲ್ಲ, ಅಲ್ಲಿ ಬೆಕ್ಕು ಬಂದ್ರ ಮುಗೀತು. ಐದು ಅಡಿ ಚೌಕದ ಮೂಲಿಗೆ ಮಂಚ ಅಡ್ಡ ಇಡ್ರಿ. ಕೆಳಗ ಕೌದಿ ನಾಲ್ಕು ಮಡಿಕಿ ಹಾಸ್ರಿ. ಪಾಲಿಶ್ ಆದ ಪರ್ಸಿ, ಟೈಲ್ಸ್ ಮ್ಯಾಲ ಹಾದಿ ಉದ್ದಕ್ಕ ಗೋಣಿಚೀಲ ಹಾಸ್ರಿ, ಪ್ರತಿ ಸಲ ಕಾಲು ಜಾರಿದಾಗ ಒಳಗಿನ ಕೀಲು ಎಳೀತದ. ನಡೆದಾಗ ಉಗುರು ಟಕ್ ಟಕ್ ಅಂದ್ರ ಕತ್ತರಿಸೋ ಹೊತ್ತಾಗ್ಯದ.

ಉಳುಕಿದ್ದು, ಪೆಟ್ಟಾದದ್ದು ಇದ್ರ ಮೊದಲ 48 ತಾಸು ಮಂಜುಗಡ್ಡಿ ಬಟ್ಟಿಯೊಳಗ ಸುತ್ತಿ ಹತ್ತು ನಿಮಿಷ, ದಿನಕ್ಕ ಮೂರು ಸಲ. ಆಮ್ಯಾಲ ಮತ್ತ ಹಳೇ ಕೀಲು ನೋವಿಗೆ ಬಿಸಿ ಶಾಖ, ನಿಮ್ಮ ಮಣಿಕಟ್ಟಿಗೆ ತಡಿಯೋ ಅಷ್ಟು. ಮೊದಲ ಎರಡು ವಾರ ಹಗ್ಗ ಹಿಡಿದು ಐದು ನಿಮಿಷ, ದಿನಕ್ಕ ಮೂರು ಸಲ, ಹೊರಗ ಹೋಗ್ಲಿಕ್ಕೆ ಅಷ್ಟೇ. ಕುಂಟೋದು ಕಡಿಮಿ ಆದ್ರ ಮೂರನೇ ವಾರದಿಂದ ವಾರಕ್ಕ ಐದೈದು ನಿಮಿಷ ಏರಸ್ರಿ. ಮರುದಿನ ಮುಂಜಾನಿ ಬಿಗಿದು ನಡೆದ್ರ ಹಿಂದಿನ ವಾರದ ಅಳತಿಗೆ ಇಳೀರಿ. ಚೆಂಡು ಎಸೆಯೋದು, ಸ್ಕೂಟಿಯಿಂದ ಜಿಗಿಸೋದು ಬಂದ್. ಬ್ಯಾಸಗಿ ರಾತ್ರಿ ಮನಿ ಮಂದಿ ಮಾಳಿಗಿ ಮ್ಯಾಲ ಮಲಗಿದ್ರ ನಾಯಿನೂ ಮೆಟ್ಟಲ ಹತ್ತತದ; ಬಾಗಿಲು ಹಾಕ್ರಿ, ಇಲ್ಲಾ ಒಬ್ಬರು ಕೆಳಗ ಮಲಗ್ರಿ.

ಈಜು ಕೀಲಿಗೆ ಚಲೋ ವ್ಯಾಯಾಮ, ಖರೆ. ಆದ್ರ ತುಂಗಭದ್ರಾ ಕಾಲುವಿಗೆ ಇಳಸಬ್ಯಾಡ್ರಿ. ಸೆಳವು ಜೋರು, ಸಿಮೆಂಟಿನ ಇಳಿಜಾರು ದಂಡಿಗೆ ಉಗುರು ಹತ್ತಂಗಿಲ್ಲ, ಬಿದ್ದ ನಾಯಿ ಹತ್ತಿ ಬರಂಗಿಲ್ಲ. ಕೃಷ್ಣಾ ಹೊಳಿಯಾಗ ಮೊಸಳಿ ಅವ.

[ಪರದೆ ಮೇಲೆ: ಇವತ್ತೇ ದವಾಖಾನಿಗೆ]

ಕಾಲು ಜೋತು ಬಿದ್ರ, 24 ತಾಸಾದ್ರೂ ನೆಲಕ್ಕ ಊರದಿದ್ರ, ಕೀಲು ಬಾತು ಬಿಸಿ ಇದ್ರ, ಜ್ವರ ಇದ್ದು ಊಟ ಬಿಟ್ರ, ಎರಡೂ ಹಿಂಗಾಲು ಎಳೆದ್ರ ಕಾಯಬ್ಯಾಡ್ರಿ. ಹಿಂಗಾಲು ಎಳೆಯೋದರ ಜೊತಿ ದವಡಿ ಜೋತು ಜೊಲ್ಲು ಸುರಿತಿದ್ರ ಬಾಯಿಗೆ ಕೈ ಹಾಕಬ್ಯಾಡ್ರಿ, ಹುಚ್ಚುನಾಯಿ ರೋಗ ಇರಬಹುದು.

ದನದ ದವಾಖಾನಿಗೆ ಹೋಗೋವಾಗ ಫೋನಿನ ವಿಡಿಯೋ, ಕೊಟ್ಟ ಔಷಧದ ಚೀಟಿ, ನಾಯಿ ತೂಕ ಮೂರೂ ಇರಲಿ. ತೂಕಕ್ಕ ಮನಿ ತಕ್ಕಡಿ ಮ್ಯಾಲ ನೀವು ನಾಯಿ ಎತ್ತಿಕೊಂಡು ಒಮ್ಮೆ, ಬಿಟ್ಟು ಒಮ್ಮೆ ನಿಂತು ಕಳೀರಿ. ಸೊಂಟದ ಎಕ್ಸ್‌ರೇ ಸರಿ ಬರಬೇಕಂದ್ರ ಮಂಪರು ಕೊಟ್ಟು ಎರಡೂ ಕಾಲು ಹಿಂದಕ್ಕ ಚಾಚಿ ತೆಗೀಬೇಕು. ಅದಕ್ಕ ಎಷ್ಟು ತಾಸು ಉಪವಾಸ ಅಂತ ಮೊದಲೇ ಫೋನ್ ಮಾಡಿ ಕೇಳಿ, ಅವತ್ತು ಮುಂಜಾನಿ ಯಾರೂ ಪ್ರೀತಿಗೆ ರೊಟ್ಟಿ ಹಾಕದಂಗ ಮನ್ಯಾಗ ಎಲ್ಲರಿಗೂ ಹೇಳಿಟ್ಟಿರ್ರಿ.