ಸಂಬಳದ ಚೀಟಿಯಲ್ಲಿ ಶಾಲೆಯ ಪಾಲು

ಕೇಳುಗರಿಗೆ ನಮಸ್ಕಾರ.

ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಪಡೆಯುವ ಗುಮಾಸ್ತರಿಗೂ 5 ಲಕ್ಷ ಪಡೆಯುವ ಕಂಪನಿ ಮುಖ್ಯಸ್ಥರಿಗೂ ವೃತ್ತಿ ತೆರಿಗೆ ಒಂದೇ: 200 ರೂಪಾಯಿ, ಫೆಬ್ರುವರಿಯಲ್ಲಿ ಮಾತ್ರ 300. ವರ್ಷಕ್ಕೆ 2,500 ಮೀರುವಂತಿಲ್ಲ ಎನ್ನುತ್ತದೆ ಸಂವಿಧಾನದ 276ನೇ ವಿಧಿ. ಆ ಮಿತಿ ನಿಗದಿಯಾದದ್ದು 1988ರಲ್ಲಿ. ಇರಲಿ, ಇದು ಚಿಲ್ಲರೆ ಹಣ.

ನನ್ನ ತಕರಾರು ಆದಾಯ ತೆರಿಗೆಯ ಬೆನ್ನೇರಿ ಬರುವ ಸೆಸ್ ಬಗ್ಗೆ, ಅಂದರೆ ಒಂದು ನಿರ್ದಿಷ್ಟ ಉದ್ದೇಶಕ್ಕೆಂದು ತೆರಿಗೆಯ ಮೊತ್ತದ ಮೇಲೆ ಹಾಕುವ ಹೆಚ್ಚುವರಿ ತೆರಿಗೆಯ ಬಗ್ಗೆ. 2004ರಲ್ಲಿ ಪ್ರಾಥಮಿಕ ಶಿಕ್ಷಣಕ್ಕೆಂದು ಶೇಕಡಾ 2 ಹಾಕಿದರು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೂ 1 ಸೇರಿಸಿದರು. ಈಗ ಆರೋಗ್ಯವೂ ಜೊತೆಗೂಡಿ ಶೇಕಡಾ 4 ಆಗಿದೆ. ಆದರೆ ಪ್ರೌಢ ಶಿಕ್ಷಣದ ಹಣಕ್ಕೆ ಪ್ರತ್ಯೇಕ ನಿಧಿಗೆ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2017ರಲ್ಲಿ. ಅಲ್ಲಿಯವರೆಗೆ ಅದು ಸಾಮಾನ್ಯ ಖಜಾನೆಯಲ್ಲಿ ಬೆರೆತುಹೋಗಿತ್ತು. ಸರ್ಕಾರದ ಲೆಕ್ಕ ಪರಿಶೋಧಿಸುವ ಮಹಾಲೇಖಪಾಲರೇ ಆಕ್ಷೇಪಿಸಿದ ಸಂಗತಿ ಇದು.

ಜನರ ಕೂಲಿಯ ಅಂತರಕ್ಕೂ ಶಾಲೆಯ ಈ ಹಣಕ್ಕೂ ಏನು ನಂಟು? 1969ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಯಾನ್ ಟಿನ್‌ಬರ್ಗನ್ ಈ ಅಂತರವನ್ನು ತಂತ್ರಜ್ಞಾನಕ್ಕೂ ಶಿಕ್ಷಣಕ್ಕೂ ನಡೆಯುವ ಓಟವೆಂದು ಕಂಡರು. ಹೊಸ ತಂತ್ರಜ್ಞಾನ ಕಲಿತವರನ್ನು ಬೇಡುತ್ತದೆ. ಕಲಿತವರು ಸಾಲದೆ ಹೋದರೆ ಇದ್ದವರ ಸಂಬಳ ಜಿಗಿಯುತ್ತದೆ, ಉಳಿದವರು ಹಳೆಯ ಕೂಲಿಗೇ ಪೈಪೋಟಿ ನಡೆಸುತ್ತಾರೆ. ತೆರಿಗೆಯ ದರ ಈ ಅಂತರವನ್ನು ಸಂಬಳ ಕೈಸೇರಿದ ಮೇಲೆ ಒಂದಿಷ್ಟು ತಗ್ಗಿಸೀತು. ಶಾಲೆಯಾದರೆ ಸಂಬಳ ನಿಗದಿಯಾಗುವ ಮೊದಲೇ ತಗ್ಗಿಸುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯೋ ಎಂಟನೇ ತರಗತಿಗೇ ಕೈಬಿಡುತ್ತದೆ. ಬಡವರ ಮನೆಯ ಮಗು ಕೆಲಸಕ್ಕೆ ಹೊರಡುವ ವಯಸ್ಸೂ ಅದೇ. ನಿಧಿಯಿಲ್ಲದ ಆ ಹತ್ತು ವರ್ಷಗಳಲ್ಲಿ ಶಾಲೆ ಬಿಟ್ಟವರು ಈಗ ಕಟ್ಟಡ ಕೆಲಸದಲ್ಲೋ ಗಾರ್ಮೆಂಟ್ ಕಾರ್ಖಾನೆಯಲ್ಲೋ ಇದ್ದಾರೆ.

ಇನ್ನೊಂದು ಸೂಕ್ಷ್ಮವಿದೆ. ಸರ್ಕಾರಿ ಶಾಲೆಯ ಶಿಕ್ಷಕರ ಸಂಬಳದ ಬಹುಪಾಲು ಹೊರುವುದು ರಾಜ್ಯಗಳು. ಸೆಸ್‌ನಲ್ಲಿ ರಾಜ್ಯಗಳಿಗೆ ಹಕ್ಕಿನ ಪಾಲಿಲ್ಲ. ಅದನ್ನು ಮೂಲ ತೆರಿಗೆಯಲ್ಲೇ ಕರಗಿಸಿದರೆ 100ರಲ್ಲಿ 41 ರೂಪಾಯಿ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಅದರಲ್ಲಿ ಕರ್ನಾಟಕಕ್ಕೆ ಎಷ್ಟು ಎಂಬ ಜಗಳ ಬೇರೆಯೇ ಇದೆ, ಬಿಡಿ. ರಾಜ್ಯಗಳು ಆ ಹಣವನ್ನು ಶಾಲೆಗೇ ಸುರಿಯುತ್ತವೆಂಬ ಖಾತರಿ ನನಗೂ ಇಲ್ಲ. ಆದರೂ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಿಲ್ಲದಿದ್ದರೆ ಪಾಲಕರು ತಮ್ಮ ಶಾಸಕರನ್ನಾದರೂ ತಡೆದು ಕೇಳಬಹುದು. ದೆಹಲಿಯ ನಿಧಿಯ ಲೆಕ್ಕ ಕೇಳಲು ಅವರಿಗೆ ದಾರಿಯಿಲ್ಲ.

ನಮಸ್ಕಾರ.